ಹಾಸಿಗೆಯವರ ಕನಸಿನ ಕಸರತ್ತು

ಊರಿಗೆಲ್ಲ ನಿದ್ದೆ ಹೊಲಿದುಕೊಡುವ ಮನುಷ್ಯನಿಗೆ ಸ್ವಂತ ನಿದ್ದೆ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಹಾಸಿಗೆಯವರನ್ನೂ ಯಾರೂ ಕೇಳಿರಲಿಲ್ಲ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಬೀಗದ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಅವರ ಅಂಗಡಿ. ಬಾಗಿಲ ಮೇಲೆ ಹೆಸರಿನ ಬೋರ್ಡು ಇದೆ. ಅದರ ಮೇಲೆ ಹತ್ತಿಯ ಧೂಳು ಕೂತು ಎಷ್ಟೋ ಕಾಲವಾದ್ದರಿಂದ ಜನ ಹೆಸರನ್ನು ಬಿಟ್ಟು ಕಸುಬನ್ನೇ ಹಿಡಿದುಕೊಂಡಿದ್ದಾರೆ. ಅವರ ಹೆಂಡತಿ ಹಾಸಿಗೆಯವರ ಮನೆಯವರು, ಮಗಳು ಹಾಸಿಗೆಯವರ ಮಗಳು. ಹೆಂಡತಿಯ ತಮ್ಮ ಅಂಗಡಿಯಲ್ಲಿ ಹತ್ತಿ ಹಿಂಜುವ ಯಂತ್ರ ಓಡಿಸುತ್ತಾನೆ. ಅವನೊಬ್ಬನಿಗೆ ಮಾತ್ರ ‘ಮೋಟರ್’ ಎಂದು ಬೇರೆ ಹೆಸರು ಬಿದ್ದಿದೆ, ಯಂತ್ರ ನಿಂತರೂ ಅವನ ಬಾಯಿ ನಿಲ್ಲುವುದಿಲ್ಲ ಎಂಬ ಕಾರಣಕ್ಕೆ.

ಹಾಸಿಗೆಯವರಿಗೆ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸ ಗಿರಾಕಿಗಳು ತಿಳಿಯದೆ, ‘ಈ ಗವಸು ಚೆನ್ನಾಗಿದೆಯಾ, ಆ ಗವಸಾ?’ ಎಂದು ಬಟ್ಟೆ ಹಿಡಿದು ಕೇಳಿ, ಆಮೇಲೆ ತಿಳಿದು ನಾಲಿಗೆ ಕಚ್ಚಿಕೊಂಡು, ಚೌಕಾಸಿ ಮಾಡದೆ ಹೊರಟುಹೋಗುತ್ತಾರೆ. ಇದರಿಂದ ವ್ಯಾಪಾರಕ್ಕೇನೂ ನಷ್ಟವಾಗಿಲ್ಲ. ಹಾಸಿಗೆಯ ಕೆಲಸಕ್ಕೆ ಕಣ್ಣು ಬೇಕೇಬೇಕೆಂದೂ ಇಲ್ಲ. ಹಳೆಯ ಹಾಸಿಗೆಯ ಹೊಲಿಗೆ ಬಿಚ್ಚುವುದು, ಗಂಟುಗಟ್ಟಿದ ಹತ್ತಿಯನ್ನು ಕಿತ್ತು ಯಂತ್ರಕ್ಕೆ ಕೊಡುವುದು, ಹಿಂಜಿ ಬಂದದ್ದನ್ನು ಗವಸಿಗೆ ತುಂಬಿ ಕೋಲಿನಿಂದ ಬಡಿದು ಸಮ ಮಾಡುವುದು, ಕೊನೆಗೆ ಹತ್ತಿ ಅತ್ತಿತ್ತ ಸರಿಯದಂತೆ ದಬ್ಬಳದಿಂದ ಅಲ್ಲಲ್ಲಿ ಗಂಟು ಹಾಕುವುದು. ಹತ್ತಿ ಎಲ್ಲಿ ಸೋತಿದೆ ಎಂದು ಅಂಗೈ ಹೇಳುತ್ತದೆ. ದಬ್ಬಳ ಆಗಾಗ ಬೆರಳಿಗೆ ಚುಚ್ಚುವುದುಂಟು, ಆದರೆ ಅದು ಕಣ್ಣಿದ್ದಾಗಲೂ ಚುಚ್ಚುತ್ತಿತ್ತು.

ಕಣ್ಣು ಒಂದೇ ದಿನ ಹೋದದ್ದಲ್ಲ. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ. ನೋವಿಲ್ಲದೆ, ಉರಿಯಿಲ್ಲದೆ ಕಳ್ಳಹೆಜ್ಜೆಯಲ್ಲಿ ಬಂತು. ಮೊದಲು ನೋಟದ ಅಂಚು ಹೋಯಿತು. ಆಮೇಲೆ ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಉಳಿಯಿತು. ಹಾಸಿಗೆಯವರು ಅದನ್ನು ಹತ್ತಿಧೂಳಿನ ಮೇಲೆ ಹಾಕಿ ಸುಮ್ಮನಿದ್ದರು. ಡಾಕ್ಟರರ ಬಳಿ ಹೋಗುವಷ್ಟರಲ್ಲಿ ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಿತ್ತು. ಆಗ ಮಗಳಿಗೆ ಆರು ವರ್ಷ.

ಅಂದಿನಿಂದ ಮನೆಯಲ್ಲಿ ಒಂದು ಪದ್ಧತಿ ಬಂತು. ಯಾರೂ ಕೂತು ಮಾತಾಡಿ ಮಾಡಿದ್ದಲ್ಲ, ತಾನಾಗಿ ಬಂದು ಕೂತುಕೊಂಡಿತು. ಅವರ ಮುಂದೆ ಯಾವ ವಸ್ತು ಹೇಗೆ ಕಾಣುತ್ತದೆ ಎಂಬ ಮಾತನ್ನು ಎತ್ತುವುದಿಲ್ಲ. ಕಿಟಕಿಗೆ ಹೊಸ ಪರದೆ ಬಂದರೆ ‘ಪರದೆ ಬಂತು’ ಎನ್ನುತ್ತಾರೆ, ಬಣ್ಣ ಹೇಳುವುದಿಲ್ಲ. ‘ಉಪ್ಪು ಸರಿಯಿದೆಯಾ ನೋಡಿ’ ಎಂದು ಒಮ್ಮೆ ಬಾಯಿತಪ್ಪಿ ಅಂದದ್ದಕ್ಕೆ ಹೆಂಡತಿ ಊಟ ಮುಗಿಯುವವರೆಗೂ ಇನ್ನೊಂದು ಮಾತಾಡಲಿಲ್ಲ. ಗಂಡನಿಗೆ ನೋವಾಗಬಾರದೆಂದು ಅವಳು ಹೇಳಲಿಲ್ಲ, ಹೆಂಡತಿಗೆ ನೋವಾಗಬಾರದೆಂದು ಅವರು ಕೇಳಲಿಲ್ಲ. ಹೀಗೆ ಒಬ್ಬರನ್ನೊಬ್ಬರು ಕಾಪಾಡಿಕೊಂಡು ಇಬ್ಬರೂ ವರ್ಷಗಳನ್ನು ಕಳೆದರು. ಮಗಳು ಅದೇ ಪದ್ಧತಿಯಲ್ಲಿ ಬೆಳೆದಳು.

ಇಷ್ಟಾದರೂ ಹಾಸಿಗೆಯವರಿಗೆ ಒಂದು ಗುಟ್ಟಿನ ಆಸ್ತಿ ಇತ್ತು. ಕನಸಿನಲ್ಲಿ ಅವರಿಗೆ ಕಣ್ಣು ಕಾಣುತ್ತಿತ್ತು. ಕಣ್ಣು ಹೋದ ಮೊದಲ ವರ್ಷಗಳಲ್ಲಂತೂ ಊರಿಗೆ ಊರೇ ಬಂದು ಹೋಗುತ್ತಿತ್ತು. ಓಣಿ, ಬಸ್ಸು, ಸೈಕಲ್ಲಿನವನ ಹರಕು ಬನಿಯನ್, ಸತ್ತುಹೋದ ಅಪ್ಪ, ಬದುಕಿರುವ ಸಾಲಗಾರ, ಎಲ್ಲ ಬಿಸಿಲಿನಲ್ಲಿ ನಿಂತಷ್ಟು ಸ್ಪಷ್ಟ. ಹಾಗಾಗಿ ಅವರಿಗೆ ಮಲಗುವುದೆಂದರೆ ಉಳಿದವರಿಗೆ ಏಳುವುದು ಇದ್ದ ಹಾಗೆ ಇತ್ತು.

ಆದರೆ ಈಚೆಗೆ ಆ ಆಸ್ತಿಯೂ ಕರಗತೊಡಗಿತ್ತು. ಕನಸು ಬರುತ್ತಿತ್ತು, ಚಿಂದಿ ಚಿಂದಿಯಾಗಿ ಬರುತ್ತಿತ್ತು. ಒಂದು ಮೊಣಕೈ. ಒಂದು ಬಾಗಿಲ ಮೂಲೆ. ಯಾರದೋ ಚಪ್ಪಲಿ, ಒಂದೇ. ಉಳಿದದ್ದೆಲ್ಲ ಮಂಜು. ಎದ್ದ ಮೇಲೆ ನೆನೆಸಿಕೊಳ್ಳಲು ಹೋದರೆ ಅದೂ ಕೈಜಾರುತ್ತಿತ್ತು. ಬಹಳ ಕಾಲ ಕಣ್ಣಿಲ್ಲದವರಿಗೆ ಕನಸಿನ ನೋಟವೂ ಮೆಲ್ಲಗೆ ಮಾಸಬಹುದು ಎಂದು ಡಾಕ್ಟರರು ಹಿಂದೆಯೇ ಹೇಳಿದ್ದರು. ಹಾಸಿಗೆಯವರು ಆಗ ತಲೆಯಾಡಿಸಿದ್ದರು. ಈಗ ಅವರಿಗೆ ಹೆದರಿಕೆಯಾಯಿತು.

ಹೆದರಿಕೆಗೆ ಇನ್ನೊಂದು ಕಾರಣವೂ ಸೇರಿತು. ದಿಂಬು ತುಂಬಿಸಲು ಬಂದ ಹಳೆಯ ಗಿರಾಕಿ, ಒಬ್ಬ ಮುದುಕಿ, ‘ನಿಮ್ಮ ಮಗಳು ಬಸ್ಸಲ್ಲಿ ಸಿಕ್ಕಿದ್ಲು ಕಣಪ್ಪ. ಅವಳಾಗೇ ಮಾತಾಡಿಸಿದ್ಲು. ಇಲ್ದಿದ್ರೆ ನಂಗೆ ಗುರುತೇ ಸಿಗ್ತಿರ್ಲಿಲ್ಲ, ಅಷ್ಟು ಬದಲಾಗಿದ್ದಾಳೆ’ ಎಂದಳು. ಎಂದು ದಿಂಬು ಎತ್ತಿಕೊಂಡು ಹೋದಳು. ಹಾಸಿಗೆಯವರು ಆ ಮಧ್ಯಾಹ್ನ ಒಂದೇ ಜಾಗಕ್ಕೆ ಎರಡು ಸಲ ಗಂಟು ಹಾಕಿದರು.

ಮಗಳ ದನಿ ಅವರಿಗೆ ಗೊತ್ತು. ನಡಿಗೆ ಗೊತ್ತು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅವಳ ಕೈಗೆ ಅಂಟಿದ ಸ್ಪಿರಿಟ್ಟಿನ ವಾಸನೆ ಗೊತ್ತು. ಸಂಜೆ ಅವಳು ಅಂಗಡಿಗೆ ಬಂದರೆ ಅವಳ ಭುಜದ ಮೇಲೆ ಕೈಯಿಟ್ಟು ಮನೆಗೆ ನಡೆಯುತ್ತಾರೆ, ಆ ಭುಜ ತಮ್ಮ ಭುಜಕ್ಕಿಂತ ಚೆನ್ನಾಗಿ ಗೊತ್ತು. ಮುಖ ಮಾತ್ರ ಆರು ವರ್ಷಕ್ಕೇ ನಿಂತುಹೋಗಿದೆ. ಇಪ್ಪತ್ತು ದಾಟಿದ ಹೆಂಗಸಿನ ದನಿಗೆ ಆರು ವರ್ಷದ ಮುಖ ಅಂಟಿಸಿಕೊಂಡು ಇಷ್ಟು ದಿನ ಸಂಸಾರ ಮಾಡಿದ್ದಾಯಿತು. ಈಗ ಅವಳಿಗೆ ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತಾಳೆ. ಭುಜವೂ ಹೋಗುತ್ತದೆ. ಕನಸಿನ ಅಂಗಡಿ ಪೂರ್ತಿ ಬಾಗಿಲು ಹಾಕುವ ಮುಂಚೆ, ಅವಳು ಹೊರಡುವ ಮುಂಚೆ, ಈಗಿನ ಮಗಳನ್ನು ಒಮ್ಮೆ ನೋಡಬೇಕು. ಹಾಸಿಗೆಯವರಿಗೆ ಬೇಕಾದದ್ದು ಇಷ್ಟೇ. ಎಲ್ಲಿ ನೋಡುವುದು? ಕಣ್ಣು ಕಾಣುವ ಜಾಗ ಅವರಿಗೆ ಒಂದೇ ಉಳಿದಿತ್ತು.

‘ಕನಸಲ್ಲಿ ನಂಗೆ ಬೇಕಾದ್ದು ಬರೋ ಹಾಗೆ ಮಾಡ್ಕೋಬಹುದಾ?’ ಎಂದು ಮನೆಗೆ ನಡೆಯುವಾಗ ಮಗಳನ್ನು ಕೇಳಿದರು.

‘ಯಾಕಪ್ಪ, ಏನು ಬೇಕು?’

‘ಏನೋ ಒಂದು. ಹಳೇದು.’

ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಅದು ಎರಡೇ ಹೆಜ್ಜೆ ನಡೆಯಿತು. ಮಗಳು ಒತ್ತಿ ಕೇಳಿದಳು, ಇವರು ಹೇಳಿಬಿಟ್ಟರು. ಅವಳ ಭುಜ ಒಂದು ಕ್ಷಣ ನಿಂತು ಮತ್ತೆ ನಡೆಯಿತು.

ಮರುದಿನ ಅವಳು ಫೋನಿನಲ್ಲಿ ಹುಡುಕಿ ತಂದಳು. ಇದಕ್ಕೊಂದು ವಿದ್ಯೆಯೇ ಇದೆಯಂತೆ. ಇದು ಕನಸು ಎಂದು ಕನಸಿನೊಳಗೇ ಗೊತ್ತಾಗುವುದು. ಹಾಗೆ ಗೊತ್ತಾದರೆ ಕನಸು ನಮ್ಮ ಕೈಗೆ ಬರುತ್ತದಂತೆ. ಬೇಕಾದವರನ್ನು ಕರೆಯಬಹುದು, ಬೇಡವಾದವರನ್ನು ಕಳಿಸಬಹುದು. ಅಡುಗೆಮನೆಯ ಬಾಗಿಲಲ್ಲಿ ಕೂತು ಅವಳು ಓದತೊಡಗಿದಳು. ಎದ್ದ ಕೂಡಲೆ ಮೈ ಅಲುಗಿಸದೆ ಕನಸಿನ ಚೂರುಗಳನ್ನು ಒಟ್ಟುಮಾಡಿ ಯಾರಿಗಾದರೂ ಹೇಳಬೇಕು. ಹೇಳುತ್ತ ಹೇಳುತ್ತ ಚೂರು ದೊಡ್ಡದಾಗುತ್ತದೆ. ಹಗಲಿನಲ್ಲಿ ಆಗಾಗ ‘ಇದು ಕನಸೋ ಎಚ್ಚರವೋ’ ಎಂದು ಪರೀಕ್ಷೆ ಮಾಡಿಕೊಳ್ಳಬೇಕು. ಹಗಲಿನ ಚಾಳಿ ಕನಸಿಗೂ ಹೋಗುತ್ತದೆ. ಕನಸು ಮಸುಕಾದರೆ ಅಂಗೈ ಉಜ್ಜಿಕೊಳ್ಳಬೇಕು, ಇಲ್ಲವೆ ಕೈಗೆ ಸಿಕ್ಕಿದ್ದನ್ನು ಮುಟ್ಟಬೇಕು. ಆಗ ಅದು ನಿಲ್ಲುತ್ತದೆ.

‘ಪರೀಕ್ಷೆ ಹೇಗೆ?’ ಎಂದರು ಹಾಸಿಗೆಯವರು.

ಮಗಳು ಮುಂದಿನ ಸಾಲು ಓದಲಿಲ್ಲ. ಯಾವುದಾದರೂ ಬೋರ್ಡನ್ನು ಎರಡು ಸಲ ಓದಿ, ಗಡಿಯಾರ ನೋಡಿ, ನಿಮ್ಮ ಅಂಗೈಯನ್ನು ದಿಟ್ಟಿಸಿ ನೋಡಿ ಎಂದೆಲ್ಲ ಅಲ್ಲಿ ಬರೆದಿತ್ತು. ಒಳಗಿನಿಂದ ತಾಯಿ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

‘ಓದು, ಪರವಾಗಿಲ್ಲ’ ಎಂದರು. ಓದಿಸಿಕೊಂಡು, ‘ಇವೆಲ್ಲ ಕಣ್ಣಿರೋರ ತಾಪತ್ರಯ. ನಂಗೆ ಸುಲಭ. ಕಾಣಿಸ್ತಿದೆಯಾ ಅಂತ ಕೇಳ್ಕೊಂಡ್ರೆ ಆಯ್ತು. ಕಾಣಿಸಿದ್ರೆ ಕನಸು, ಇಲ್ದಿದ್ರೆ ಎಚ್ಚರ’ ಎಂದರು.

ಇದಕ್ಕಿಂತ ಗಟ್ಟಿ ಪರೀಕ್ಷೆ ಇಡೀ ಜಗತ್ತಿನಲ್ಲಿ ಯಾರಿಗೂ ಇಲ್ಲವೆಂದು ಮೂವರಿಗೂ ಅನಿಸಿತು. ಹೆಂಡತಿಗೆ ಮಾತ್ರ ಈ ಇಡೀ ವ್ಯವಹಾರ ಹಿಡಿಸಲಿಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಊರಿಗೆಲ್ಲ ಹೇಳ್ತೀರಿ, ಈಗ ನೀವೇ ಕನಸಿನವರೆಗೂ ಚಾಚ್ತಿದ್ದೀರಿ’ ಎಂದಳು. ಆದರೂ ಬೆಳಗಿನ ಕನಸು ಕೇಳುವ ಕೆಲಸ ಅವಳ ಪಾಲಿಗೇ ಬಂತು, ಮಗಳು ಬೇಗ ಕೆಲಸಕ್ಕೆ ಹೋಗುವುದರಿಂದ.

ಹಾಸಿಗೆಯವರು ಎದ್ದು, ಅಲುಗದೆ, ಹೆಣದ ಹಾಗೆ ಮಲಗಿ ಚೂರುಗಳನ್ನು ಆಯುತ್ತಿದ್ದರು. ಹೆಂಡತಿ ಚಹಾ ಹಿಡಿದು ನಿಲ್ಲುತ್ತಿದ್ದಳು.

‘ಬಕೆಟ್ಟು.’

‘ಬಕೆಟ್ಟಾ? ಅಷ್ಟೇನಾ?’

‘ಹಸಿರು. ಅರ್ಧ ಬಕೆಟ್ಟು.’

‘ಅರ್ಧ ಬಕೆಟ್ಟು ನೀರಾ?’

‘ಅಲ್ಲ, ಬಕೆಟ್ಟೇ ಅರ್ಧ. ಇನ್ನರ್ಧ ಇರ್ಲಿಲ್ಲ.’

‘ರಾತ್ರಿಯೆಲ್ಲ ಮಲಗಿ ಅರ್ಧ ಬಕೆಟ್ಟು ತಂದ್ರಿ. ಏಳಿ, ಚಹಾ ಆರ್ತಿದೆ.’

ಬೈಯುತ್ತಿದ್ದರೂ ಅವಳು ಕೇಳುತ್ತಿದ್ದಳು. ಹೀಗೆ ಹೇಳುತ್ತ ಹೋದಂತೆ ಚೂರುಗಳು ನಿಜವಾಗಿಯೂ ಕೊಂಚ ದೊಡ್ಡವಾದವು. ಬಕೆಟ್ಟಿನ ಪಕ್ಕ ನಲ್ಲಿ ಬಂತು. ಮೊಣಕೈಗೆ ತೋಳು ಬಂತು. ಒಂದು ಬೆಳಿಗ್ಗೆ ಇಡೀ ಕುರ್ಚಿ, ನಾಲ್ಕೂ ಕಾಲಿನ ಸಮೇತ ಬಂದದ್ದಕ್ಕೆ ಅವರು ಹೆಮ್ಮೆಪಟ್ಟುಕೊಂಡರು. ಯಾರಾದ್ರೂ ಕೂತಿದ್ರಾ ಎಂದು ಹೆಂಡತಿ ಕೇಳಿದಳು. ಇರಲಿಲ್ಲ.

ಹಗಲಿನ ಪರೀಕ್ಷೆಯನ್ನೂ ನಿಷ್ಠೆಯಿಂದ ಮಾಡಿದರು. ಹೊಲಿಗೆ ಬಿಚ್ಚುವಾಗ ಕೇಳಿಕೊಳ್ಳುವರು: ಕಾಣಿಸ್ತಿದೆಯಾ? ಇಲ್ಲ. ಎಚ್ಚರ. ಹತ್ತಿ ಬಡಿಯುವಾಗ: ಕಾಣಿಸ್ತಿದೆಯಾ? ಇಲ್ಲ. ಎಚ್ಚರ. ಚಹಾ ಕುಡಿಯುವಾಗ, ಕೈ ತೊಳೆಯುವಾಗ, ಗಿರಾಕಿ ತನ್ನ ಬೆನ್ನುನೋವಿನ ಕಥೆಯನ್ನು ಆದಿಯಿಂದ ಹೇಳುವಾಗ, ಕಾಣಿಸ್ತಿದೆಯಾ, ಇಲ್ಲ, ಎಚ್ಚರ. ಮೊದಲೆರಡು ದಿನ ‘ಇಲ್ಲ’ ಎನ್ನುವಾಗ ಒಳಗೆಲ್ಲೋ ಚುಚ್ಚಿತು. ಮೂರನೆಯ ದಿನದಿಂದ ಆಕಳಿಕೆಯ ಹಾಗೆ ತಾನಾಗಿ ಬರತೊಡಗಿತು.

ಕೊನೆಗೆ ಚಾಳಿ ಕನಸಿಗೂ ಹೋಯಿತು. ಕನಸಿನಲ್ಲಿ ಹಾಸಿಗೆಯವರು ಅಂಗಡಿಯ ಮುಂದೆ ನಿಂತಿದ್ದರು. ಬೆಳಗಿನ ಬಿಸಿಲು. ಎದುರಿನ ಗೋಡೆಗೆ ಹೊಸ ಸುಣ್ಣ. ಅದರ ಮೇಲೆ ಒಂದು ಹಳದಿ ಗವಸು ಒಣಗಲು ಹಾಕಿತ್ತು, ಅದರ ಅಂಚಿನ ನೂಲು ಎಳೆ ಎಳೆಯಾಗಿ ಕಾಣುತ್ತಿತ್ತು. ಅವರು ಆ ಹಳದಿಯನ್ನೇ ನೋಡುತ್ತ, ರೂಢಿಯಂತೆ ಕೇಳಿಕೊಂಡರು: ಕಾಣಿಸ್ತಿದೆಯಾ? ರೂಢಿಯಂತೆ ಉತ್ತರಿಸಿದರು: ಇಲ್ಲ. ಎಚ್ಚರ. ಎಂದುಕೊಂಡು ಒಳಗೆ ಹೋಗಿ ಕನಸಿನಲ್ಲಿಯೇ ಒಂದು ಹಾಸಿಗೆ ಬಿಚ್ಚಿ ಹತ್ತಿ ಕಿತ್ತು ಕೆಲಸಕ್ಕೆ ಕೂತರು.

ಬೆಳಿಗ್ಗೆ ಇದನ್ನು ಹೇಳಿದಾಗ ಹೆಂಡತಿ ಚಹಾದ ಲೋಟವನ್ನು ಕೆಳಗಿಟ್ಟಳು. ‘ಕಣ್ಣೆದುರಿಗೇ ಇತ್ತಲ್ರೀ’ ಎಂದಳು. ಕಣ್ಣಿನ ಮಾತನ್ನು ತಾನಾಗಿ ಎತ್ತಿದ್ದು ಅವಳ ಗಮನಕ್ಕೂ ಬರಲಿಲ್ಲ, ಅಷ್ಟು ಬೇಜಾರಾಗಿತ್ತು ಅವಳಿಗೆ. ಹಾಸಿಗೆಯವರಿಗಂತೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನಿಸಿ ಆ ದಿನ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಶಕ್ತಿ ಉಳಿಯಲಿಲ್ಲ. ಸಿಟ್ಟು ಮಾಡಿಕೊಳ್ಳಬೇಕಾದರೆ ತಮ್ಮ ಮೇಲೇ ಮಾಡಿಕೊಳ್ಳಬೇಕಿತ್ತು.

ಮಗಳು ಸಂಜೆ ಉಪಾಯ ಹೇಳಿದಳು. ‘ಅಪ್ಪ, ಹೌದು, ಇಲ್ಲ ಅಂತ ಉತ್ತರ ಬರೋ ಪ್ರಶ್ನೆ ಬೇಡ. ಬಾಯಿ ಅದಕ್ಕೆ ಒಗ್ಗಿಹೋಗಿದೆ. ಯಾವ ಬಣ್ಣ ಅಂತ ಕೇಳ್ಕೋ. ಎಚ್ಚರದಲ್ಲಿ ಉತ್ತರ ಬರಲ್ಲ. ಕನಸಲ್ಲಾದ್ರೆ ಏನಾದ್ರೂ ಒಂದು ಬಣ್ಣ ಬರ್ಲೇಬೇಕು.’

ಉಪಾಯ ಒಳ್ಳೆಯದೇ. ಮರುದಿನ ಅಂಗಡಿಯಲ್ಲಿ ಹಾಸಿಗೆಯವರು ಗವಸಿನ ಮೇಲೆ ಕೈಯಿಟ್ಟು, ‘ಇದು ಯಾವ ಬಣ್ಣ?’ ಎಂದು ತಮಗೆ ತಾವೇ ಕೇಳಿಕೊಂಡರು. ಸ್ವಲ್ಪ ಗಟ್ಟಿಯಾಗಿ ಕೇಳಿಕೊಂಡಿರಬೇಕು.

‘ನೀಲಿ, ಭಾವ’ ಎಂದ ಮೋಟರ್.

‘ನಿನ್ನನ್ನಲ್ಲ ಕೇಳಿದ್ದು.’

‘ಮತ್ಯಾರನ್ನ? ಇಲ್ಲಿ ಇನ್ಯಾರಿದ್ದಾರೆ? ನೀಲಿ, ಅದ್ರಲ್ಲಿ ಬಿಳಿ ಪಟ್ಟೆ.’

ಇಷ್ಟು ವರ್ಷ ಬಣ್ಣದ ಮಾತೆತ್ತದ ಭಾವ ತಾನಾಗಿ ಕೇಳಿದ್ದು ಅವನಿಗೆ ಸಂಭ್ರಮವಾಗಿತ್ತು. ಅಕ್ಕನ ಪದ್ಧತಿಗೆ ಹೆದರಿ ಬಾಯಿ ಕಟ್ಟಿಕೊಂಡಿದ್ದವನಿಗೆ ಕಟ್ಟೆ ಒಡೆದಂತಾಯಿತು. ಭಾವ ಬಾಯಿ ತೆರೆಯುವ ಮುಂಚೆಯೇ ಬಣ್ಣ ಹೇಳತೊಡಗಿದ. ದಿಂಬು ಕೆಂಪು, ದಾರ ಬಿಳಿ, ಗಿರಾಕಿಯ ಕೊಡೆ ಕಪ್ಪು, ಗಿರಾಕಿಯ ಕೂದಲೂ ಕಪ್ಪೇ, ಬಣ್ಣ ಹಾಕಿದ್ದು. ಆ ಗಿರಾಕಿ ಮತ್ತೆ ಬರಲಿಲ್ಲ. ಸುಮ್ಮನಿರು ಎಂದರೆ, ‘ನಿಮಗೋಸ್ಕರ ತಾನೆ ಹೇಳ್ತಿರೋದು’ ಎನ್ನುವನು. ಅವನ ಪ್ರೀತಿಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ತೊಂದರೆ ಇದ್ದದ್ದು ಅದರ ಸದ್ದಿನ ಬಗ್ಗೆ.

ಫಲ ಏನಾಗಬೇಕೋ ಅದೇ ಆಯಿತು. ಮುಂದಿನ ಸಲ ಕನಸು ಬಂದಾಗ, ಎದುರಿಗೊಂದು ಬಾಗಿಲು. ಹಾಸಿಗೆಯವರು ಮರೆಯದೆ ಕೇಳಿಕೊಂಡರು: ಇದು ಯಾವ ಬಣ್ಣ? ‘ಹಸಿರು, ಭಾವ’ ಎಂದ ಮೋಟರ್, ಕನಸಿನೊಳಗೇ, ಬಾಗಿಲ ಸಂದಿಯಿಂದ ತಲೆ ಹಾಕಿ. ‘ಹೌದಾ’ ಎಂದರು ಹಾಸಿಗೆಯವರು. ಎಚ್ಚರವಾಗಿದ್ದೇನೆ ಎಂದು ಖಾತ್ರಿಯಾಗಿ, ಮುಂದೆ ನಡೆದರು.

ಆಮೇಲೆ ಅವರು ಪರೀಕ್ಷೆಯನ್ನು ಬಾಯಿಂದ ತೆಗೆದು ಮನಸ್ಸಿಗೆ ಹಾಕಿದರು. ತುಟಿ ಅಲುಗಿಸದೆ ಕೇಳಿಕೊಳ್ಳುವುದನ್ನು ಕಲಿತರು. ಮಗಳ ಪೆಟ್ಟಿಗೆ ಆಗಲೇ ಅಟ್ಟದಿಂದ ಇಳಿದಿತ್ತು. ಅವಳು ಬಟ್ಟೆ ಮಡಚಿ ಇಡುವ ಸದ್ದು ಪಕ್ಕದ ಕೋಣೆಯಿಂದ ಕೇಳುತ್ತಿತ್ತು. ಹೆಂಡತಿ ಈಗ ‘ಅಷ್ಟೇನಾ’ ಎನ್ನುವುದನ್ನು ಬಿಟ್ಟಿದ್ದಳು. ಬೆಳಿಗ್ಗೆ ಚಹಾ ಕೊಟ್ಟು ಮೆಲ್ಲಗೆ, ‘ಬಂದಿದ್ಲಾ?’ ಎಂದಷ್ಟೇ ಕೇಳುವಳು. ಬಂದಿರುತ್ತಿರಲಿಲ್ಲ.

ಅದು ಆದದ್ದು ಮಧ್ಯಾಹ್ನದ ಹೊತ್ತು. ಊಟ ಮುಗಿಸಿ ಮೋಟರ್ ಎಲ್ಲಿಗೋ ಹೋಗಿದ್ದ. ಅವನು ಹೋದದ್ದು ದೊಡ್ಡ ಉಪಕಾರವಾಯಿತು. ಹಾಸಿಗೆಯವರು ಆಗತಾನೆ ತುಂಬಿ ಮುಗಿಸಿದ್ದ, ಇನ್ನೂ ಗಂಟು ಹಾಕದ ಹಾಸಿಗೆಯ ಮೇಲೆ ಒರಗಿದರು. ಗಿರಾಕಿಯ ಹಾಸಿಗೆಯ ಮೇಲೆ ಮಲಗಬಾರದೆಂಬುದು ಅವರದೇ ನಿಯಮ. ಮಲಗಿದರು.

ಕೆಂಪು. ಮೊದಲು ಬಂದದ್ದು ಕೆಂಪು. ಹಳೆಯ ಬಾಡಿಗೆ ಮನೆಯ ಜಗಲಿಯ ಕೆಂಪು ನೆಲ, ಅದರಿಂದ ಇಳಿಯುವ ಮೆಟ್ಟಿಲು. ಯಾವ ಬಣ್ಣ ಎಂದು ಮನಸ್ಸು ಕೇಳಿತು. ಕೆಂಪು ಎಂದಿತು. ಯಾರು ಹೇಳಿದರು ಎಂದು ಹಾಸಿಗೆಯವರು ಸುತ್ತ ಕಿವಿಗೊಟ್ಟರು. ಯಾರೂ ಹೇಳಿರಲಿಲ್ಲ. ಮೋಟರ್ ಇರಲಿಲ್ಲ. ಹಾಗಾದರೆ ತನಗೇ ಕಾಣಿಸುತ್ತಿದೆ. ಕಾಣಿಸುತ್ತಿದ್ದರೆ ತಾನು ಮಲಗಿದ್ದೇನೆ. ಗಂಟು ಹಾಕದ ಹಾಸಿಗೆಯ ಮೇಲೆ, ಅಂಗಡಿಯಲ್ಲಿ, ಊಟವಾದ ಮೇಲೆ.

ಕನಸು ಕೂಡಲೆ ಅಂಚುಗಳಿಂದ ಮಾಸತೊಡಗಿತು. ಅವರು ಬಗ್ಗಿ ಎರಡೂ ಅಂಗೈಯನ್ನು ಆ ಕೆಂಪು ನೆಲಕ್ಕೆ ಒತ್ತಿ ಉಜ್ಜಿದರು. ನೆಲ ತಣ್ಣಗಿತ್ತು, ನುಣ್ಣಗಿತ್ತು. ಉಜ್ಜುತ್ತಿದ್ದಂತೆ ಮಂಜು ಹಿಂದೆ ಸರಿದು ಅಂಗಳ ಬಂತು, ಅಂಗಳದಾಚೆ ಬೇಲಿ ಬಂತು, ಬೇಲಿಯ ಮೇಲೆ ಒಣಗಿದ ಬಳ್ಳಿ, ಬಾಗಿಲ ಚಿಲಕ, ಚಿಲಕದ ತುಕ್ಕು, ಎಲ್ಲ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು. ಹಾಸಿಗೆಯವರು ತುಕ್ಕನ್ನೂ ಕೊಂಚ ಹೊತ್ತು ನೋಡಿದರು. ಇಷ್ಟು ದಿನದ ಮೇಲೆ ಸಿಕ್ಕಾಗ ಯಾವುದನ್ನೂ ಬಿಡುವ ಮನಸ್ಸಾಗುವುದಿಲ್ಲ.

ಆಮೇಲೆ ಮಗಳನ್ನು ಕರೆದರು.

ಬಾಗಿಲಿನಿಂದ ಓಡಿಬಂದದ್ದು ಆರು ವರ್ಷದವಳು. ಫ್ರಾಕು, ಮುಂದಿನ ಹಲ್ಲಿಲ್ಲ, ಒಂದು ಜಡೆ ಬಿಚ್ಚಿಹೋಗಿದೆ.

‘ನೀನಲ್ಲ. ದೊಡ್ಡವಳು ಬೇಕು’ ಎಂದರು.

‘ನಾನೇ ದೊಡ್ಡವಳು’ ಎಂದಿತು ಮಗು.

ಇದಕ್ಕೆ ಫೋನಿನಲ್ಲಿ ಉತ್ತರ ಬರೆದಿರಲಿಲ್ಲ. ಹಾಸಿಗೆಯವರು ಯಜಮಾನನ ದನಿಯಲ್ಲಿ, ಇದು ನನ್ನ ಕನಸು, ದೊಡ್ಡ ಮಗಳು ಈಗ ಈ ಬಾಗಿಲಿನಿಂದ ಬರಬೇಕು ಎಂದು ಹೇಳಿ ಬಾಗಿಲು ಮುಚ್ಚಿ ತೆರೆದರು. ಒಳಗೆ ಹತ್ತಿಯ ಮೂಟೆ. ಮತ್ತೆ ಮುಚ್ಚಿ ತೆರೆದರು. ಮೂಟೆಯ ಮೇಲೆ ಅದೇ ಮಗು ಕೂತು ಕಾಲಾಡಿಸುತ್ತಿತ್ತು. ಬೆಳೆ ಎಂದರು. ಅದು ತುದಿಗಾಲಲ್ಲಿ ನಿಂತು ತೋರಿಸಿತು. ಅವರಿಗೆ ಆಗ ಅರ್ಥವಾಯಿತು. ಎಂದೂ ಒಳಗೆ ಹೋಗದ ಮುಖವನ್ನು ಹೊರಗೆ ಬಾ ಎಂದರೆ ಎಲ್ಲಿಂದ ಬರಬೇಕು? ತುಂಬಿದ್ದೇ ತಾನೆ ಗವಸಿನಿಂದ ಬರುವುದು. ಇಷ್ಟು ಕಸರತ್ತು ಮಾಡಿ ಇಲ್ಲಿಯವರೆಗೆ ಬಂದು ಅವರಿಗೆ ಬಹಳ ದುಃಖವಾಯಿತು. ಮೆಟ್ಟಿಲ ಮೇಲೆ ಕೂತುಬಿಟ್ಟರು.

‘ಅಪ್ಪಾ, ನೋಡು’ ಎಂದು ಮಗು ಮೇಲಿನ ಮೆಟ್ಟಿಲಿನಿಂದ ಅಂಗಳಕ್ಕೆ ಹಾರಿತು.

‘ನೋಡ್ದೆ.’

‘ಇಲ್ಲ, ಈಗ ನೋಡು.’ ಮತ್ತೆ ಹತ್ತಿ, ಮತ್ತೆ ಹಾರಿತು.

ಬೇರೆ ಕೆಲಸವಿಲ್ಲದ್ದರಿಂದ ಹಾಸಿಗೆಯವರು ನೋಡಿದರು. ನೋಡುತ್ತಿದ್ದಂತೆ ಅವರಿಗೆ ಏನೋ ವಿಚಿತ್ರ ಎನಿಸಿತು. ಮಗು ಪೂರ್ತಿ ಕಾಣುತ್ತಿತ್ತು. ತಲೆ, ಕೈ, ಮೊಣಕಾಲಿನ ತರಚುಗಾಯ, ಪಾದ, ಅದರ ನೆರಳು, ಎಲ್ಲ ಒಟ್ಟಿಗೆ. ಆ ವರ್ಷ, ನೋಟ ಕೊಳವೆಯಾಗಿದ್ದ ವರ್ಷ, ಅವರು ಅವಳನ್ನು ಹೀಗೆ ನೋಡಿರಲೇ ಇಲ್ಲ. ಕಿವಿ ನೋಡಿದರೆ ಕೆನ್ನೆ ಇಲ್ಲ, ಕೈ ನೋಡಿದರೆ ಮುಖವಿಲ್ಲ. ಅವಳು ಹಾರಿದಾಗ ಎಲ್ಲಿ ಬಿದ್ದಳೆಂದು ಕೊಳವೆ ತಿರುಗಿಸಿ ಹುಡುಕಬೇಕಿತ್ತು. ಚಿಂದಿಯಾದದ್ದು ಈಚಿನ ಕನಸಷ್ಟೇ ಅಲ್ಲ. ಅವಳು ಮೊದಲಿನಿಂದಲೂ ಅವರಿಗೆ ಚಿಂದಿ ಚಿಂದಿಯಾಗಿಯೇ ಸಿಕ್ಕಿದ್ದಳು. ಈಗ ಯಾರೋ ಕೂತು ಹೊಲಿದುಕೊಟ್ಟಂತೆ ಇಡಿಯಾಗಿ ಮುಂದೆ ನಿಂತಿದ್ದಾಳೆ, ಉಸಿರು ಬಿಡುತ್ತ, ಇನ್ನೊಂದ್ಸಲ ಎನ್ನುತ್ತ. ಹಾಸಿಗೆಯವರು ದೊಡ್ಡವಳನ್ನು ಕರೆಯುವುದನ್ನು ಬಿಟ್ಟರು. ಅವಳು ಹಾರಿದಷ್ಟು ಸಲವೂ ನೋಡಿದರು. ಅವರಿಗೆ ಅಷ್ಟು ಸಂತೋಷ ಬಹಳ ವರ್ಷಗಳಿಂದ ಆಗಿರಲಿಲ್ಲ.

ಯಂತ್ರ ಗುರ್ ಎಂದಿತು. ಮೋಟರ್ ವಾಪಸು ಬಂದಿದ್ದ. ‘ಗಿರಾಕಿ ಹಾಸಿಗೆ ಮೇಲೆ ಮಲಗಿದ್ದೀರಲ್ಲ ಭಾವ, ಹತ್ತಿ ಎಲ್ಲ ಒಂದು ಕಡೆಗೆ ಬಂತು’ ಎಂದ. ಹಾಸಿಗೆಯವರು ಎದ್ದು ಕೂತು ಕಣ್ಣೊರೆಸಿಕೊಂಡು, ಹತ್ತಿಯನ್ನು ಮತ್ತೆ ಸಮಮಾಡಿದರು.

ಸಂಜೆ ದಾರಿಯಲ್ಲಿ ಅವರು ಏನೂ ಹೇಳಲಿಲ್ಲ. ಆದರೆ ಭುಜದ ಮೇಲಿನ ಕೈ ಬೇರೆ ಥರ ಇತ್ತೆಂದು ಕಾಣುತ್ತದೆ. ಮನೆಯೊಳಗೆ ಕಾಲಿಟ್ಟು ಚಪ್ಪಲಿ ಬಿಡುವ ಮುಂಚೆಯೇ ಮಗಳು ಕೇಳಿದಳು.

‘ನಾನು ಬಂದಿದ್ನಾ ಅಪ್ಪ?’

‘ಬಂದಿದ್ದೆ.’

ಅಡುಗೆಮನೆಯಲ್ಲಿ ಸದ್ದು ನಿಂತಿತು.

‘ಹೇಗಿದ್ದೆ?’ ಎಂದಳು ಮಗಳು. ದನಿ ಸಣ್ಣಗಾಗಿತ್ತು. ಲ್ಯಾಬಿನಲ್ಲಿ ದಿನವೂ ಜನ ತಮ್ಮ ಫಲಿತಾಂಶ ಕೇಳುವ ದನಿ ಅದು.

ಚೆನ್ನಾಗಿದ್ದೆ ಎಂದುಬಿಡಬಹುದಿತ್ತು. ತಾಯಿಗೂ ಮಗಳಿಗೂ ಸಮಾಧಾನವಾಗುತ್ತಿತ್ತು, ಪೆಟ್ಟಿಗೆ ಮುಚ್ಚಿಕೊಳ್ಳುತ್ತಿತ್ತು. ಹಾಸಿಗೆಯವರು ಗೋಡೆಗೆ ಒರಗಿ ಕೂತರು. ‘ಮುಂದಿನ ಹಲ್ಲಿರ್ಲಿಲ್ಲ. ಮೆಟ್ಟಿಲಿಂದ ಹಾರ್ತಿದ್ದೆ’ ಎಂದರು.

‘ಅದು ನಾನಲ್ಲಪ್ಪ.’

‘ನೀನೇ. ಆದರೆ ಹಳೇದು. ಹೊಸದು ನನ್ನ ಹತ್ರ ಇಲ್ಲ ಮಗಾ. ಎಷ್ಟು ಹುಡುಕಿದ್ರೂ ಇಲ್ಲ.’

ಮಗಳು ಎದುರಿಗೆ ಕೂತಳು. ಅವಳಿಗೆ ಅಳು ಬಂದಿತ್ತು. ತನ್ನನ್ನು ಅಪ್ಪ ಒಮ್ಮೆ ನೋಡಲಿ ಎಂದು ಅವಳೂ ಆಸೆಪಟ್ಟಿದ್ದಳು, ಅವರಿಗಿಂತ ಹೆಚ್ಚಾಗಿ. ಆಗ ಹಾಸಿಗೆಯವರು, ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಕೇಳಿದರು.

‘ಹೇಗಿದ್ದೀಯ ನೀನು? ಹೇಳು.’

ಮಗಳು ಅಡುಗೆಮನೆಯ ಕಡೆ ತಿರುಗಿದಳು. ಅಲ್ಲಿಂದ ಬೇಡ ಎಂಬ ಸದ್ದೇನೂ ಬರಲಿಲ್ಲ.

‘ನಾನು... ಮೂಗು ಸ್ವಲ್ಪ ದಪ್ಪ ಅಪ್ಪ. ಹಣೆ ಅಗಲ. ನಕ್ಕರೆ ಒಸಡು ಕಾಣತ್ತೆ, ಅದಕ್ಕೆ ಫೋಟೋದಲ್ಲಿ ನಗಲ್ಲ. ಬಣ್ಣ ನಿನ್ನ ಥರಾನೇ. ಅಷ್ಟೇನೂ ಚೆನ್ನಾಗಿಲ್ಲ.’

‘ಸುಳ್ಳು ಹೇಳ್ತಾಳೆ’ ಎಂದು ತಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ‘ಅವಳಿಗೇನು ಗೊತ್ತು. ನಾನು ಹೇಳ್ತೀನಿ ಕೇಳಿ. ಹಣೆ ನಿಮ್ಮ ಅಮ್ಮಂದು. ಮೂಗು ನಂದು, ದಪ್ಪ ಇಲ್ಲ, ಸರಿಯಾಗೇ ಇದೆ. ಕಣ್ಣು ದೊಡ್ಡದು. ಎಡಗಡೆ ಹುಬ್ಬು ಬಲಗಡೆಗಿಂತ...’

ಅಲ್ಲಿಗೆ ನಿಂತಳು. ಎಡಗಡೆಯ ಹುಬ್ಬು ಹೇಗಿದೆ ಎಂದು ಅವಳಿಗೆ ಹೇಳಲಾಗಲಿಲ್ಲ. ಮಗಳ ಗದ್ದ ಹಿಡಿದು ದೀಪದ ಕಡೆಗೆ ತಿರುಗಿಸಿದಳು. ಹತ್ತಿರ ಬಗ್ಗಿ, ಗಿರಾಕಿ ಬಟ್ಟೆ ನೋಡುವ ಹಾಗೆ, ನಿಧಾನವಾಗಿ ನೋಡಿದಳು.

‘ಕಿವಿ ಹತ್ರ ಈ ಮಚ್ಚೆ ಯಾವಾಗ ಬಂತೇ?’

‘ಕಾಲೇಜು ಸೇರಿದಾಗಿಂದ ಇದೆಯಮ್ಮ.’

ತಾಯಿ ಗದ್ದ ಬಿಡಲಿಲ್ಲ. ಎರಡು ಕಣ್ಣಿದ್ದವಳು ದಿನವೂ ಅನ್ನಕ್ಕೆ ಕರೆದಳು, ತಲೆ ಬಾಚಿಕೋ ಎಂದಳು, ತಡವಾಯಿತೆಂದು ಬೈದಳು, ಮಚ್ಚೆ ನೋಡಿರಲಿಲ್ಲ. ಅವಳು ಅಲ್ಲಿಯೇ, ಗಂಡನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

‘ಯಾವ ಕಿವಿ?’ ಎಂದರು ಹಾಸಿಗೆಯವರು.

‘ಬಲಗಡೆ’ ಎಂದಳು ಹೆಂಡತಿ. ಆಮೇಲೆ, ‘ಸ್ವಲ್ಪ ಇರಿ. ನಾನೂ ಇನ್ನೊಂದ್ಸಲ ಸರಿಯಾಗಿ ನೋಡಿ ಹೇಳ್ತೀನಿ’ ಎಂದಳು.